ದಾವಣಿ ಹಿಡಿದ ಅರಸರು: ಕಾರ್ಕಳದ ಭೈರರಸ ಮನೆತನ



ಜನವರಿ ತಿಂಗಳಲ್ಲಿ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಹೋಗದವರು ನಮ್ಮ ಕರಾವಳಿಯಲ್ಲಿ ವಿರಳ. ಉಡುಪಿಯಿಂದ ಹೊರಟವರು ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರುಗಳನ್ನು ದಾಟಿ ಕಾರ್ಕಳವನ್ನು ಸಮೀಪಿಸುತ್ತಾರೆ. ಅಲ್ಲಿ ಬರಿಯ ಬಂಡೆಯ ಗುಡ್ಡವೊಂದರ ಮೇಲೆ 42 ಅಡಿ ಎತ್ತರದ ಕಲ್ಲಿನ ಮಾನವಾಕೃತಿಯೊಂದು ನಿಂತಿದೆ. ಹರಕೆಯ ಮೊಂಬತ್ತಿ ಹಿಡಿದು ಹೋಗುವ ನಮ್ಮ ಜನರೂ ಒಮ್ಮೆ ಅದನ್ನು ದಿಟ್ಟಿಸಿ 'ಗೊಮ್ಮಟ' ಎಂದು ಮಕ್ಕಳಿಗೆ ತೋರಿಸುತ್ತಾರೆ. ಮಾಡಿಸಿದವರಾರು ಎಂದು ಮಕ್ಕಳು ಕೇಳಿದರೆ 'ಯಾರೋ ಜೈನ ಅರಸು' ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಆ 'ಯಾರೋ' ಎಂಬವರ ಮನೆತನದ ಕಥೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡಬಯಸುತ್ತೇನೆ.

ಗೊಮ್ಮಟನ ಪಕ್ಕದ ಶಾಸನವನ್ನು ಆಧುನಿಕ ಶಾಸ್ತ್ರೀಯ ಪದ್ಧತಿಯಲ್ಲಿ ಓದಿ ಪ್ರಕಟಿಸಿದವನು ಒಬ್ಬ ಜರ್ಮನ್ ವಿದ್ವಾಂಸ. ಯೂಜೆನ್ ಹುಲ್ಚ್ ಎಂಬ ಆತ ಸ್ಯಾಕ್ಸನಿಯ ಡ್ರೆಸ್ಡೆನ್ ನಗರದವನು. 1886ರಿಂದ 1903ರ ವರೆಗೆ ಮದರಾಸಿನಲ್ಲಿ ಸರಕಾರದ ಶಾಸನತಜ್ಞನಾಗಿದ್ದ. ಶ್ರವಣಬೆಳಗೊಳ, ಕಾರ್ಕಳ, ವೇಣೂರು ಈ ಮೂರು ಗೊಮ್ಮಟರ ಶಾಸನಗಳನ್ನು ಒಟ್ಟಿಗೆ 'ಎಪಿಗ್ರಾಫಿಯಾ ಇಂಡಿಕಾ'ದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ. ಅವನು ಹುಟ್ಟಿದ ಡ್ರೆಸ್ಡೆನ್ ವೆಟ್ಟಿನ್ ಎಂಬ ಡ್ಯೂಕರ ಮನೆತನದ ರಾಜಧಾನಿ. ಸೆಮಿನರಿಯಲ್ಲಿ ಧರ್ಮಸಭೆಯ ಇತಿಹಾಸ ಓದಿದವರಿಗೆ ಈ ಮನೆತನದ ಪರಿಚಯ ತಪ್ಪದು. ಮಾರ್ಟಿನ್ ಲೂಥರನಿಗೆ ಆಶ್ರಯ ಕೊಟ್ಟ ಫ್ರೆಡರಿಕ್ ಇದೇ ಮನೆಯವನು. ಲೂಥರನನ್ನು ಕಟುವಾಗಿ ವಿರೋಧಿಸಿದ ಡ್ಯೂಕ್ ಜಾರ್ಜ್ ಕೂಡ ಇದೇ ಮನೆಯವನು. ಒಂದೇ ಮನೆ ಎರಡಾದದ್ದು 1485ರಲ್ಲಿ. ಅರ್ನ್‌ಸ್ಟ್ ಮತ್ತು ಆಲ್ಬ್ರೆಕ್ಟ್ ಎಂಬ ಅಣ್ಣತಮ್ಮಂದಿರು ಲೈಪ್‌ಜಿಗ್‌ನಲ್ಲಿ ಕುಳಿತು ತಂದೆಯ ರಾಜ್ಯವನ್ನು ಪಾಲು ಮಾಡಿಕೊಂಡರು. ಅರುವತ್ತೆರಡು ವರ್ಷ ಕಳೆದ ಮೇಲೆ, 1547ರ ಏಪ್ರಿಲ್ 24ರಂದು ಮ್ಯೂಲ್‌ಬೆರ್ಗ್ ರಣರಂಗದಲ್ಲಿ, ತಮ್ಮನ ವಂಶದ ಡ್ಯೂಕ್ ಮೋರಿಟ್ಸ್ ಚಕ್ರವರ್ತಿ ಐದನೆಯ ಚಾರ್ಲ್ಸನ ಪಕ್ಷ ಹಿಡಿದು ಅಣ್ಣನ ವಂಶದ ದಾಯಾದಿಯ ವಿರುದ್ಧ ನಿಂತ. ಸೋತ ದಾಯಾದಿ ಸೆರೆಯಾದ. ಚಕ್ರವರ್ತಿಯನ್ನು ಆರಿಸುವ ಹಿರಿಯ ಪದವಿ ಮೋರಿಟ್ಸನ ಕೈಗೆ ಬಂತು. ಐದೇ ವರ್ಷಗಳಲ್ಲಿ ಅವನು ಅದೇ ಚಕ್ರವರ್ತಿಗೆ ತಿರುಗಿಬಿದ್ದ. 1553ರಲ್ಲಿ ಇನ್ನೊಂದು ಯುದ್ಧವನ್ನು ಗೆದ್ದು, ಅದರಲ್ಲಿ ತಗಲಿದ ಗಾಯದಿಂದಲೇ ತೀರಿಕೊಂಡಾಗ ಅವನಿಗೆ ಬರಿಯ 32 ವರ್ಷ.

ಅಂಥ ನಾಡಿನಿಂದ ಬಂದ ವಿದ್ವಾಂಸ ಕಾರ್ಕಳದ ಬೆಟ್ಟದಲ್ಲಿ ಕಂಡದ್ದು ಬೇರೊಂದು ಚಿಕ್ಕ ಅರಸು ಮನೆತನದ ದಾಖಲೆ. ಮೇಲೆ ಚಕ್ರವರ್ತಿ, ಸುತ್ತಲೂ ದಾಯಾದಿಗಳು, ಹಿಂದೆ ಗುರುಪೀಠ, ಮುಂದೆ ದಂಡು: ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಚಿತ್ರ.

ಭೈರರಸರು ತಮ್ಮ ಮೂಲವನ್ನು ಜಿನದತ್ತರಾಯನಲ್ಲಿ ಹುಡುಕುತ್ತಾರೆ. ಉತ್ತರ ಮಧುರೆಯ ರಾಜಕುಮಾರನಾದ ಈತ ತಂದೆಯ ಅನ್ಯಾಯಕ್ಕೆ ಬೇಸತ್ತು, ಪದ್ಮಾವತಿ ದೇವಿಯ ವಿಗ್ರಹದೊಡನೆ ದಕ್ಷಿಣಕ್ಕೆ ಬಂದು, ಹೊಂಬುಜದಲ್ಲಿ ರಾಜ್ಯ ಕಟ್ಟಿದನೆಂಬುದು ಐತಿಹ್ಯ. ಇತಿಹಾಸದ ನೆಲದ ಮೇಲೆ ಕಾಲೂರಿ ಹೇಳುವುದಾದರೆ, ಹೊಂಬುಜದಲ್ಲಿ ಸಾಂತರರೆಂಬ ಅರಸರು ಒಂಬತ್ತನೆಯ ಶತಮಾನದ ಹೊತ್ತಿಗೆ ನೆಲೆಗೊಂಡಿದ್ದರು. ವಿಕ್ರಮ ಸಾಂತರ 897ರಲ್ಲಿ ಅಲ್ಲಿ ಬಸದಿ ಕಟ್ಟಿಸಿದ. ಅವರದೇ ಒಂದು ಶಾಖೆ ಕಳಸಕ್ಕೆ ಸರಿದು, ಅಲ್ಲಿಂದ ಘಟ್ಟ ಇಳಿದು ಕಾರ್ಕಳಕ್ಕೆ ಬಂತು. ಹದಿಮೂರನೆಯ ಶತಮಾನದ ಕಳಸದ ಶಾಸನಗಳಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ತಾವೇ ರಾಜ್ಯವಾಳಿದ ಉಲ್ಲೇಖಗಳಿವೆ. ಮಣಿಪಾಲದ ಗುಡ್ಡದ ಮೇಲೆ ನಿಂತು ಮೂಡಣಕ್ಕೆ ನೋಡಿದರೆ ಘಟ್ಟದ ನೀಲಿ ಗೋಡೆ ಕಾಣಿಸುತ್ತದಲ್ಲವೇ? ಆ ಗೋಡೆಯ ಆಚೆಗೊಂದು ಕಾಲು, ಈಚೆಗೊಂದು ಕಾಲು ಇಟ್ಟು ನಿಂತ ರಾಜ್ಯವದು. ಆದ್ದರಿಂದಲೇ ಶಾಸನಗಳು ಅದನ್ನು 'ಕಳಸ ಕಾರ್ಕಳ ರಾಜ್ಯ' ಎಂದು ಜೋಡಿ ಹೆಸರಿನಿಂದ ಕರೆಯುತ್ತವೆ. ಮೇಲಿನ ಕಾಡಿನ ಕಾಳುಮೆಣಸು ಕೆಳಗಿಳಿಯಬೇಕು, ಕೆಳಗಿನ ಅಕ್ಕಿ ಮತ್ತು ಉಪ್ಪು ಮೇಲೇರಬೇಕು. ನಡುವಿನ ಘಟ್ಟದ ದಾರಿಯನ್ನು ಕಾಯುವವನಿಗೆ ಸುಂಕವೂ ಸಲ್ಲುತ್ತದೆ, ಶತ್ರುವೂ ಹುಟ್ಟುತ್ತಾನೆ.

ಈ ಅರಸರು ಹೊತ್ತ ಬಿರುದುಗಳಲ್ಲಿ ನನಗೆ ತುಂಬ ಹಿಡಿಸಿದ್ದು 'ಅರಿರಾಯ ಗಂಡರ ದಾವಣಿ' ಎಂಬುದು. ದಾವಣಿ ಎಂದರೆ ದನಗಳನ್ನು ಸಾಲಾಗಿ ಕಟ್ಟುವ ಹಗ್ಗ. ಶತ್ರು ರಾಜರ ಪೈಕಿ ಗಂಡುಗಲಿಗಳನ್ನೆಲ್ಲ ಹಟ್ಟಿಯ ದನಗಳಂತೆ ಕಟ್ಟಿಹಾಕುವ ಹಗ್ಗ ತಾವು ಎಂದು ಹೇಳಿಕೊಂಡವರು ಇವರು. ಸಿಂಹ, ಶಾರ್ದೂಲಗಳ ಉಪಮೆಗಳು ಎಲ್ಲ ಅರಮನೆಗಳಲ್ಲೂ ದೊರೆಯುತ್ತವೆ. ಹಟ್ಟಿಯ ಹಗ್ಗವನ್ನು ಬಿರುದಾಗಿ ಧರಿಸುವುದಕ್ಕೆ ಮಾತ್ರ ಮಣ್ಣಿನ ಸಂಬಂಧ ಬೇಕು.

ಇಂಥ ಬಿರುದಿನ ಮನೆತನದಲ್ಲಿ ಹುಟ್ಟಿದ ವೀರಪಾಂಡ್ಯನು 1432ರ ಫೆಬ್ರವರಿ 13ರಂದು ಗೊಮ್ಮಟನನ್ನು ಪ್ರತಿಷ್ಠಾಪಿಸಿದ. ಪನಸೋಗೆಯ ಗುರುಪರಂಪರೆಗೆ ಸೇರಿದ ಲಲಿತಕೀರ್ತಿ ಮುನಿಗಳ ಉಪದೇಶದಂತೆ, ಭೈರವೇಂದ್ರನ ಕುಮಾರನಾದ ವೀರಪಾಂಡ್ಯ ಇದನ್ನು ಮಾಡಿಸಿದನೆಂದು ಶಾಸನ ಹೇಳುತ್ತದೆ. ಸುಮಾರು 80 ಟನ್ ತೂಗುವುದೆಂದು ಅಂದಾಜಿಸಲಾದ ಈ ಮೂರ್ತಿಯನ್ನು ಬೇರೆಡೆ ಕೆತ್ತಿ, ಬಂಡಿಗಳ ಸಾಲಿನ ಮೇಲೆ ಮಲಗಿಸಿ, ಹೆಜ್ಜೆ ಹೆಜ್ಜೆಗೂ ತೆಂಗಿನಕಾಯಿ ಒಡೆಯುತ್ತ, ಜಾರುವ ಬಂಡೆಯ ಮೇಲೆ ಎಳೆದು ತಂದರೆಂಬ ಕಥೆಯನ್ನು ಹತ್ತೊಂಬತ್ತನೆಯ ಶತಮಾನದ ಆಂಗ್ಲ ಅಧಿಕಾರಿಗಳೂ ಊರವರಿಂದ ಕೇಳಿ ಬರೆದುಕೊಂಡಿದ್ದಾರೆ. ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕುವ ಮುನ್ನ ಧರ್ಮಸ್ಥಳದ ಮೂರ್ತಿಯನ್ನು ನೆನೆಯಿರಿ. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿಯೇ ಕೆತ್ತಿದ ಆ 39 ಅಡಿಯ ಬಾಹುಬಲಿ 1973ರಲ್ಲಿ ರಸ್ತೆಯ ಮೇಲೆ ಮಲಗಿ ಸಾಗಿದ್ದನ್ನು ನೋಡಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಯಂತ್ರಗಳಿದ್ದ ಆ ಕಾಲದಲ್ಲೂ ಅದು ದಿನಗಟ್ಟಲೆಯ ಕೆಲಸವಾಗಿತ್ತು. 1432ರಲ್ಲಿ ಇದ್ದದ್ದು ಹಗ್ಗ, ಮರದ ದಿಮ್ಮಿ ಮತ್ತು ಮನುಷ್ಯರ ಭುಜ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಶತ್ರುಗಳನ್ನು ದನದಂತೆ ಕಟ್ಟುತ್ತೇನೆಂದ ಮನೆತನ ತನ್ನ ರಾಜ್ಯದ ಅತ್ಯುನ್ನತ ಸ್ಥಾನದಲ್ಲಿ ನಿಲ್ಲಿಸಿದ್ದು ಯಾರನ್ನು? ಬಾಹುಬಲಿಯನ್ನು. ಜೈನ ಪುರಾಣದ ಕಥೆ ನಿಮಗೆ ಗೊತ್ತಿರಬಹುದು. ಆದಿದೇವನ ಮಕ್ಕಳಾದ ಭರತ ಮತ್ತು ಬಾಹುಬಲಿ ರಾಜ್ಯಕ್ಕಾಗಿ ಎದುರುಬದುರಾಗುತ್ತಾರೆ. ಎರಡೂ ಸೇನೆಗಳು ಸಜ್ಜಾಗಿ ನಿಂತಾಗ ಮಂತ್ರಿಗಳು ಮುಂದೆ ಬಂದು, ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಜನ ಯಾಕೆ ಸಾಯಬೇಕು, ನೀವಿಬ್ಬರೇ ಸೆಣಸಿ ತೀರ್ಮಾನಿಸಿರಿ ಎನ್ನುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮನೇ ಗೆಲ್ಲುತ್ತಾನೆ. ಅಣ್ಣನನ್ನು ಮೇಲೆತ್ತಿದ ಕೈ ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಕೆಳಗಿಳಿಸುತ್ತದೆ. ಗೆದ್ದ ರಾಜ್ಯವನ್ನು ಬಿಟ್ಟು ಅವನು ತಪಸ್ಸಿಗೆ ನಿಲ್ಲುತ್ತಾನೆ; ಕಾಲಿಗೆ ಬಳ್ಳಿ ಹಬ್ಬುತ್ತದೆ. ದಂಡು ಕಟ್ಟುವುದೇ ಕಸುಬಾಗಿದ್ದ ಅರಸನೊಬ್ಬ ದಿನ ಬೆಳಗಾದರೆ ಕಣ್ಣಿಗೆ ಬೀಳುವಂತೆ ಇಂಥವನನ್ನು ನಿಲ್ಲಿಸಿಕೊಂಡ. ಇದನ್ನು ಬರಿಯ ಕೀರ್ತಿಯ ಆಸೆ ಎಂದುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೀರ್ತಿಯ ಆಸೆ ಇರಲಿಲ್ಲವೆನ್ನಲೂ ಒಪ್ಪುವುದಿಲ್ಲ. ನಾಲ್ಕು ವರ್ಷಗಳ ಬಳಿಕ, 1436ರಲ್ಲಿ, ಅದೇ ವೀರಪಾಂಡ್ಯ ಮೂರ್ತಿಯ ಎದುರಿಗೆ ಬ್ರಹ್ಮದೇವರ ಕಂಬವನ್ನೂ ನಿಲ್ಲಿಸಿದ.

ಇನ್ನು ದಂಡಿನ ಮಾತು. ಭೈರರಸರಲ್ಲಿ ಜರ್ಮನ್ ಡ್ಯೂಕರಂತೆ ಸಂಬಳಕ್ಕೆ ತಂದ ಪಡೆಗಳಿದ್ದವೆಂದು ಭಾವಿಸಬೇಡಿ. ತುಳುನಾಡಿನಲ್ಲಿ ಯುದ್ಧವೆಂದರೆ ಹೆಗ್ಗಡೆಗಳು, ಬಲ್ಲಾಳರು ತಮ್ಮ ತಮ್ಮ ಮಾಗಣೆಯ ಜನರನ್ನು ಕರೆದುಕೊಂಡು ಬರುವುದು. ಬಿತ್ತನೆಯ ಕಾಲದಲ್ಲಿ ನೇಗಿಲು ಹಿಡಿದ ಕೈಯೇ ಬೇಸಗೆಯಲ್ಲಿ ಸುರಿಗೆ ಹಿಡಿಯುತ್ತಿತ್ತು. ಗರಡಿಗಳಲ್ಲಿ ಸಾಧನೆ ಮಾಡಿದ ತರುಣರೇ ಈ ದಂಡಿನ ಬೆನ್ನೆಲುಬು. ಉಡುಪಿ, ಕಾಪು, ಕಾರ್ಕಳಗಳ ಉದ್ದಗಲಕ್ಕೂ ಇಂದಿಗೂ ಇರುವ ಗರಡಿಗಳಲ್ಲಿ ಕೋಟಿ ಚೆನ್ನಯರು ಪೂಜೆಗೊಳ್ಳುತ್ತಾರೆ. ಪಡುಮಲೆಯ ಬಲ್ಲಾಳನ ಆಶ್ರಯದಲ್ಲಿ ಬೆಳೆದು, ನ್ಯಾಯ ದೊರೆಯದೆ ಊರು ಬಿಟ್ಟು, ಎಣ್ಮೂರಿನ ಪಕ್ಷದಲ್ಲಿ ಕಾದಿ ಮಡಿದ ಆ ಅವಳಿ ವೀರರ ಕಥೆಯನ್ನು ಕಾಪಾಡಿದ್ದು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಪಾಡ್ದನ. ಅರಸರ ಹೆಸರು ಕಲ್ಲಿನ ಮೇಲೆ ಉಳಿಯಿತು, ಕಾದಿದವರ ಹೆಸರು ಬಾಯಿಯಲ್ಲಿ ಉಳಿಯಿತು.

ಮೊದಲು ಹಾಗಿರಲಿಲ್ಲ ಎಂಬುದೇ ಸೋಜಿಗ. ಉಡುಪಿಯಿಂದ ಕಾಪುವಿಗೆ ಹೋಗುವ ಹೆದ್ದಾರಿಯಲ್ಲಿ ಉದ್ಯಾವರ ಸಿಗುತ್ತದೆ. ಅಲ್ಲಿನ ಶಂಭುಕಲ್ಲು ದೇವಾಲಯದ ಆವರಣದಲ್ಲಿ ಎಂಟನೆಯ ಶತಮಾನದ ಸುಮಾರಿನ ವೀರಗಲ್ಲುಗಳಿವೆ. ಆಳುಪ ಅರಸರ ಮನೆಯೊಳಗಿನ ಅಂತಃಕಲಹದಲ್ಲಿ, ಅಂದು ಉದಯಪುರವೆನಿಸಿದ್ದ ಉದ್ಯಾವರವನ್ನು ಹೊಗುವಾಗ ಕಾದಿ ಸತ್ತ ಸೈನಿಕರ ಹೆಸರನ್ನು ಆ ಕಲ್ಲುಗಳು ಒಂದೊಂದಾಗಿ ಹೇಳುತ್ತವೆ. ಅರಸನ ಹೆಸರು ಒಂದು ಸಾಲು, ಆಳಿನ ಹೆಸರು ಒಂದು ಸಾಲು. ಏಳು ಶತಮಾನಗಳ ಅನಂತರ 42 ಅಡಿಯ ಕಲ್ಲು ನಿಲ್ಲಿಸುವಷ್ಟು ಸಂಪತ್ತು ಕೂಡಿದಾಗ ಎಳೆದವರ ಹೆಸರು ಎಲ್ಲಿಯೂ ಕಾಣುವುದಿಲ್ಲ.

ಕಾಪುವಿನ ಒಂದು ತಾಮ್ರಶಾಸನವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಕಾಪುವಿನಲ್ಲಿ ಮದ್ದ ಹೆಗ್ಗಡೆ ಎಂಬ ಪದವಿ ನಾಮದ ಜೈನ ಪಾಳೆಯಗಾರರಿದ್ದರು. 1556ರಲ್ಲಿ ಆ ಪೀಠದಲ್ಲಿದ್ದ ತಿರುಮಲರಸನು ಧರ್ಮನಾಥ ಬಸದಿಗೆ ಮಲ್ಲಾರಿನಲ್ಲಿ ಭೂಮಿ ಬಿಟ್ಟ. ವಿಜಯನಗರದಲ್ಲಿ ಸದಾಶಿವರಾಯನಿದ್ದ ಕಾಲವದು. ಬಾರಕೂರು ಮಂಗಳೂರು ರಾಜ್ಯಗಳ ಆಡಳಿತ ಕೆಳದಿಯ ಸದಾಶಿವ ನಾಯಕನ ಕೈಯಲ್ಲಿತ್ತು. ದಾನ ದೊಡ್ಡದಲ್ಲ. ಆದರೆ ಅದರ ಶಾಪವಾಕ್ಯ ವಿಶೇಷವಾದುದು. ಈ ಧರ್ಮವನ್ನು ಕೆಡಿಸಿದವನು ಜೈನನಾದರೆ ಬೆಳಗೊಳದ ಗುಮ್ಮಟನಾಥನನ್ನೂ ಕೊಪಣದ ಚಂದ್ರನಾಥನನ್ನೂ ಒಡೆದ ಪಾಪ, ಶೈವನಾದರೆ ಪರ್ವತ ಗೋಕರ್ಣಗಳ ಲಿಂಗಗಳನ್ನು ಒಡೆದ ಪಾಪ, ವೈಷ್ಣವನಾದರೆ ತಿರುಮಲೆಯಲ್ಲಿ ದ್ರೋಹವೆಸಗಿದ ಪಾಪ. ಯೋಚಿಸಿ ನೋಡಿ. ಅದೇ ದಶಕದಲ್ಲಿ, 1555ರಲ್ಲಿ, ಜರ್ಮನ್ ಅರಸರು ಆಗ್ಸ್‌ಬರ್ಗ್‌ನಲ್ಲಿ ಸೇರಿ ಒಪ್ಪಂದ ಮಾಡಿಕೊಂಡಿದ್ದರು: ಯಾರ ನಾಡೋ ಅವರ ಮತ, ಒಪ್ಪದ ಪ್ರಜೆ ಮನೆಮಾರು ಮಾರಿ ಹೊರಡಬಹುದು. ಕಾಪುವಿನ ಹೆಗ್ಗಡೆಯೂ ಅಧಿಕಾರಸ್ಥನೇ, ಸಂತನಲ್ಲ. ಆದರೆ ತನ್ನ ನಾಡಿನಲ್ಲಿ ಮೂರು ಮತದ ಜನ ಮುಂದೆಯೂ ಇರುತ್ತಾರೆ, ಒಬ್ಬೊಬ್ಬರನ್ನೂ ಅವರವರ ದೇವರ ಭಯದಿಂದಲೇ ಕಟ್ಟಬೇಕು ಎಂಬ ವ್ಯವಹಾರಜ್ಞಾನ ಅವನಿಗಿತ್ತು.

1565ರಲ್ಲಿ ವಿಜಯನಗರ ಮುರಿದುಬಿದ್ದಾಗ ಇಂಥ ಎಲ್ಲ ಪಾಳೆಯಗಾರರ ತಲೆಯ ಮೇಲಿನ ಕೊಡೆ ಹಾರಿಹೋಯಿತು. ಕಾರ್ಕಳದಲ್ಲಿ ಆಗ ಇಮ್ಮಡಿ ಭೈರರಸನ ಕಾಲ ಬಂತು. ಈತ ಹಿಂದಿನ ಭೈರರಸನ ಮಗನಲ್ಲ, ಅವನ ಸಹೋದರಿ ಗುಮ್ಮಟಾಂಬೆಯ ಮಗ. ಅಳಿಯಸಂತಾನದ ಈ ಪದ್ಧತಿ ಹೊರಗಿನವರಿಗೆ ವಿಚಿತ್ರವೆನಿಸುತ್ತದೆ. ಆದರೆ ಗಮನಿಸಿ: ಅಣ್ಣತಮ್ಮಂದಿರು ರಾಜ್ಯವನ್ನು ಪಾಲು ಮಾಡಿಕೊಂಡದ್ದರಿಂದ ವೆಟ್ಟಿನ್ ಮನೆ ಎರಡಾಯಿತು. ಇಲ್ಲಿ ಅಕ್ಕತಂಗಿಯರ ಹೊಟ್ಟೆಯಲ್ಲಿ ಹುಟ್ಟಿದ ಹಿರಿಯನಿಗೆ ರಾಜ್ಯ ಇಡಿಯಾಗಿ ಸಲ್ಲುತ್ತಿತ್ತು. ಇದರಿಂದ ಜಗಳ ನಿಂತಿತೆಂದು ತಿಳಿಯಬೇಡಿ. ಮನೆಯೊಳಗಣ ಜಗಳ ನೆರೆಮನೆಗೆ ಹೋಯಿತು, ಅಷ್ಟೆ.

ಇಮ್ಮಡಿ ಭೈರರಸ 1586ರಲ್ಲಿ ಗೊಮ್ಮಟನ ಎದುರಿನ ಚಿಕ್ಕಬೆಟ್ಟದ ಮೇಲೆ ಚತುರ್ಮುಖ ಬಸದಿಯನ್ನು ಕಟ್ಟಿಸಿದ. ಶಾಸನದಲ್ಲಿ ಅದಕ್ಕೆ 'ತ್ರಿಭುವನತಿಲಕ ಜಿನಚೈತ್ಯಾಲಯ' ಎಂಬ ಹೆಸರಿದೆ. ನಾಲ್ಕು ದಿಕ್ಕಿಗೂ ಬಾಗಿಲು, ಪ್ರತಿ ಬಾಗಿಲಿನ ಎದುರಿಗೂ ಅರ, ಮಲ್ಲಿ, ಮುನಿಸುವ್ರತ ಎಂಬ ಮೂರು ತೀರ್ಥಂಕರರು, ಒಳಗೂ ಹೊರಗೂ ಸೇರಿ 108 ಕಂಬಗಳು. ಯಾವ ದಿಕ್ಕಿನಿಂದ ಹತ್ತಿದರೂ ಅದೇ ದರ್ಶನ. ಪೂಜೆಯ ಖರ್ಚಿಗೆ ತೆಳ್ಳಾರು ಗ್ರಾಮದ ಹುಟ್ಟುವಳಿಯನ್ನು ಬಿಟ್ಟ. ಈ ಶಾಸನವನ್ನು ಹುಲ್ಚನ ಬಳಿಕ ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದರು. ಬೆಟ್ಟ ಹತ್ತಲು ಮೆಟ್ಟಿಲುಗಳಿವೆ, ಹೆಚ್ಚು ಆಯಾಸವಿಲ್ಲ. ಗೊಮ್ಮಟನನ್ನು ನೋಡಲು ಹೋದವರು ಇದನ್ನು ಬಿಟ್ಟು ಬರುವುದು ನನಗಂತೂ ದೊಡ್ಡ ನಷ್ಟವೆನಿಸುತ್ತದೆ.

ಇದೇ ಅರಸನ ಹೆಸರಿಗೆ ಅಂಟಿಕೊಂಡ ಕಥೆ ವೇಣೂರಿನದು. ವೇಣೂರಿನ ಅಜಿಲ ಮನೆತನದ ತಿಮ್ಮಣ್ಣರಸನು ತನ್ನ ಊರಿನಲ್ಲಿಯೂ ಒಂದು ಗೊಮ್ಮಟನನ್ನು ನಿಲ್ಲಿಸಲು ಹೊರಟ. ಕಾರ್ಕಳದ ಕೀರ್ತಿಗೆ ಪಾಲುದಾರ ಹುಟ್ಟುವುದು ಭೈರರಸನಿಗೆ ಸಹನೆಯಾಗಲಿಲ್ಲ. ಮೂರ್ತಿಯನ್ನು ತನಗೆ ಒಪ್ಪಿಸೆಂದು ಹೇಳಿ ಕಳುಹಿದ, ಅಜಿಲ ಒಪ್ಪಲಿಲ್ಲ, ದಂಡು ಹೊರಟಿತು. ತಿಮ್ಮಣ್ಣ ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತು ಕಾಪಾಡಿ, ಭೈರರಸನನ್ನು ಹಿಮ್ಮೆಟ್ಟಿಸಿದ ಮೇಲೆ ಹೊರತೆಗೆದು ನಿಲ್ಲಿಸಿದ. ಜನರು ಹೇಳುವ ಕಥೆ ಇದು. ವೇಣೂರಿನ 1604ರ ಶಾಸನದಲ್ಲಿ ಯುದ್ಧದ ಸುಳಿವಿಲ್ಲ. ಅಲ್ಲಿರುವುದು ಇನ್ನೊಂದು ಸಂಗತಿ: ತಿಮ್ಮರಾಜನು ಮೂರ್ತಿ ಮಾಡಿಸಿದ್ದು ಬೆಳಗೊಳದ ಚಾರುಕೀರ್ತಿಗಳ ಉಪದೇಶದಿಂದ. ಕಾರ್ಕಳದ ಗುರುಪೀಠ ಲಲಿತಕೀರ್ತಿಗಳದು. ನೆರೆಯ ಅರಸ ಬೇರೆ ಗುರುವಿನ ಮಾತು ಕೇಳಿ ಅದೇ ದೇವರನ್ನು ನಿಲ್ಲಿಸುತ್ತಾನೆಂದರೆ ಅರಮನೆಯಲ್ಲಿ ಏನು ಮಾತು ನಡೆದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಗುರುಪೀಠಗಳ ಸುತ್ತ ಬದುಕಿದ ನಮ್ಮಂಥವರಿಗೆ ಇನ್ನೂ ಕಷ್ಟವಲ್ಲ. ಯುದ್ಧ ನಡೆದಿದ್ದರೆ, ಅದು ಸೈನಿಕರನ್ನು ಉಳಿಸಲು ತಾನೊಬ್ಬನೇ ಸೆಣಸಿ, ಗೆದ್ದದ್ದನ್ನೂ ಬಿಟ್ಟುಕೊಟ್ಟವನ ಮೂರ್ತಿಗಾಗಿ ನಡೆದ ಯುದ್ಧ. ಅದರಲ್ಲಿ ಸತ್ತವರಿಗೆ ಉದ್ಯಾವರದಂಥ ಕಲ್ಲೂ ಇಲ್ಲ.

ಮುಂದಿನ ಕಥೆ ಬೇಗ ಮುಗಿಯುತ್ತದೆ. ಘಟ್ಟದ ಮೇಲೆ ಕೆಳದಿಯ ಹಿರಿಯ ವೆಂಕಟಪ್ಪ ನಾಯಕ ಬಲಿಷ್ಠನಾದ. ಕಾಳುಮೆಣಸಿನ ರಾಣಿಯೆಂದು ಪೋರ್ತುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ರಾಜ್ಯವನ್ನು ಅವನು ಕಬಳಿಸಿದ. 1623ರಲ್ಲಿ ಆ ದಾರಿಯಾಗಿ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೇರುಸೊಪ್ಪೆ ಪಾಳುಬಿದ್ದು ಗಿಡಗಂಟಿ ಬೆಳೆದುದನ್ನು ಬರೆದಿದ್ದಾನೆ. ಕಾರ್ಕಳಕ್ಕೆ ಇನ್ನಷ್ಟು ಆಯುಷ್ಯವಿತ್ತು. 1646ರ ಸುಮಾರಿಗೆ ಚಂದ್ರಮನೆಂಬ ಕವಿ 'ಕಾರ್ಕಳದ ಗೊಮ್ಮಟೇಶ್ವರ ಚರಿತೆ'ಯನ್ನು ಸಾಂಗತ್ಯದಲ್ಲಿ ಬರೆದ. ಆ ಹೊತ್ತಿಗಾಗಲೇ ಕೆಳದಿಯ ಪೀಠದಲ್ಲಿ ಶಿವಪ್ಪ ನಾಯಕನಿದ್ದ. ಅಲ್ಲಿಂದಾಚೆಗೆ ಕರಾವಳಿಯ ಅರಸುಗಳೆಲ್ಲ ಕೆಳದಿಗೆ ಕಪ್ಪ ಕೊಡುವ ಮನೆಗಳಾದವು. ಭೈರರಸರ ಹೆಸರು ಮೆಲ್ಲಮೆಲ್ಲನೆ ಮರೆಗೆ ಸಂದಿತು. ಕೆಳದಿಯವರ ಕೋಟೆಗಳು ಕರಾವಳಿಯಲ್ಲಿ ಎದ್ದವು: ಮಲ್ಪೆಯ ಎದುರಿನ ದರಿಯಾ ಬಹದ್ದೂರ್ ಗಡ ಬಸವಪ್ಪ ನಾಯಕನದು. ಕಾಪುವಿನ ಪ್ರಸಿದ್ಧ ಮಾರಿಯಮ್ಮನೂ ಆ ದಂಡಿನೊಡನೆ ಘಟ್ಟ ಇಳಿದು ಬಂದವಳೆಂದು ಅಲ್ಲಿಯವರು ಹೇಳುತ್ತಾರೆ. 'ದಂಡಿನ ಮಾರಿ' ಎಂಬ ಹೆಸರೇ ಅದಕ್ಕೆ ಸಾಕ್ಷಿ. ಗೋವೆಯಿಂದ ಬಂದ ನಮ್ಮ ಕೊಂಕಣಿ ಕ್ರೈಸ್ತರ ಹಿರಿಯರಿಗೆ ಗದ್ದೆ ಕೊಟ್ಟು ಒಕ್ಕಲು ಮಾಡಿಕೊಂಡವರು, ಇಗರ್ಜಿ ಕಟ್ಟಲು ಅನುಮತಿಯಿತ್ತವರು ಇದೇ ಕೆಳದಿಯವರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಅವರ ಸರದಿಯೂ ಮುಗಿಯಿತು. 1784ರಲ್ಲಿ ಟಿಪ್ಪುವಿನ ಕಾಲದ ಸೆರೆಯಲ್ಲಿ ನಮ್ಮವರ ಸರದಿ ಬಂತು.

ಈ ಎಲ್ಲ ಅರಸರ ಹೆಸರುಗಳನ್ನು ಊರೂರು ತಿರುಗಿ ಒಟ್ಟುಗೂಡಿಸಿದವರಲ್ಲಿ ಪಾದೂರು ಗುರುರಾಜ ಭಟ್ಟರ ಹೆಸರು ದೊಡ್ಡದು. ನಮ್ಮ ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರ ತುಳುವ ಇತಿಹಾಸದ ಬೃಹದ್‌ಗ್ರಂಥ 1975ರಲ್ಲಿ ಹೊರಬಂತು. ಬಸದಿ, ದೇವಸ್ಥಾನ, ಹಾಳು ಕೋಟೆ ಯಾವುದನ್ನೂ ಬಿಡದೆ ಅಳೆದು ಬರೆದ ಆ ಪುಸ್ತಕವನ್ನು ಯುವಕರು ಒಮ್ಮೆ ಕೈಗೆತ್ತಿಕೊಳ್ಳಬೇಕು.

ಕಾರ್ಕಳದ ಗೊಮ್ಮಟನಿಗೆ 2002ರಲ್ಲಿ, ಆಮೇಲೆ 2015ರಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಹಾಲು, ಎಳನೀರು, ಕಬ್ಬಿನ ರಸ, ಅರಸಿನ, ಗಂಧ ಎಲ್ಲವೂ ಬಳ್ಳಿ ಹಬ್ಬಿದ ಕಾಲುಗಳ ಮೇಲೆ ಹರಿದುಹೋದವು. ಮಾಡಿಸಿದ ಅರಸನ ಸ್ಥಾನದಲ್ಲಿ ನಿಲ್ಲಲು ಭೈರರಸರ ಪೀಠ ಈಗ ಇಲ್ಲ. ಮಗನಿಗೆ ಸಂದರೂ ಅಳಿಯನಿಗೆ ಸಂದರೂ ಆ ಸಂತಾನ ಎಲ್ಲಿಯೋ ನಿಂತುಹೋಗಿದೆ. ಆದರೆ ವೀರಪಾಂಡ್ಯನಿಗೆ ಉಪದೇಶ ಮಾಡಿದ ಮುನಿಯ ಹೆಸರು ನಿಂತಿಲ್ಲ. ಮಕ್ಕಳಿಲ್ಲದ ಸಂನ್ಯಾಸಿಗಳ ಆ ಮಠದಲ್ಲಿ ಪೀಠವೇರಿದ ಪ್ರತಿಯೊಬ್ಬರೂ ಅದೇ ಹೆಸರನ್ನು ಧರಿಸುತ್ತಾರೆ. 2015ರ ಅಭಿಷೇಕಕ್ಕೂ ಮಾರ್ಗದರ್ಶನ ನೀಡಿದವರು ಕಾರ್ಕಳದ ಲಲಿತಕೀರ್ತಿ ಭಟ್ಟಾರಕರೇ.